ಸರಾಸರಿ ವಾಟ್, ತೂಕದ ವಾಟ್: ಸೊರಬದ ದಿಣ್ಣೆಗಳಲ್ಲಿ ಸೈಕಲ್ಲಿನ ಲೆಕ್ಕ

ಸೊರಬದಿಂದ ಚಂದ್ರಗುತ್ತಿ ಕಡೆಗೋ ಉಳವಿ ಕಡೆಗೋ ಸೈಕಲ್ ಹೊಡೆದವರಿಗೆ ಈ ಸೀಮೆಯ ರಸ್ತೆಯ ಗುಣ ಗೊತ್ತು. ಘಟ್ಟ ಅನ್ನುವಂಥ ಘಟ್ಟ ಇಲ್ಲ, ಬಯಲುಸೀಮೆಯ ಮಟ್ಟಸ ದಾರಿಯೂ ಅಲ್ಲ. ರಸ್ತೆ ಗದ್ದೆ ಬಯಲಿಗೆ ಇಳಿಯುತ್ತದೆ, ಕೆರೆ ಏರಿಯ ಮೇಲೆ ಒಂದಿಷ್ಟು ದೂರ ಸಮನಾಗಿ ಸಾಗುತ್ತದೆ, ಆಮೇಲೆ ಕಾನಿನ ಅಂಚಿನ ದಿಣ್ಣೆ ಹತ್ತುತ್ತದೆ. ಕಷ್ಟಪಟ್ಟು ಹತ್ತಿದ್ದೆಲ್ಲ ಮುಂದಿನ ಹಳ್ಳದಲ್ಲಿ ಇಳಿದುಹೋಗುತ್ತದೆ. ಎರಡು ತಾಸು ಹೀಗೆ ತುಳಿದು ಮನೆಗೆ ಬಂದು ಮೊಬೈಲ್ ತೆರೆದಾಗ ಎರಡು ಅಂಕಿ ಕಂಡವು ಎಂದಿಟ್ಟುಕೊಳ್ಳಿ: ಸರಾಸರಿ ಪವರ್ 150 ವಾಟ್, ವೇಟೆಡ್ ಆವರೇಜ್ ಪವರ್ 185 ವಾಟ್. ಸವಾರಿ ಒಂದೇ, ಕಾಲೂ ಅವೇ ಎರಡು. ಹಾಗಾದರೆ ಹೆಚ್ಚಿನ 35 ವಾಟ್ ಎಲ್ಲಿಂದ ಬಂತು?

ಎಲ್ಲಿಂದಲೂ ಬಂದಿಲ್ಲ. ಮೊದಲನೆಯದು ಸೈಕಲ್ಲಿಗೆ ಕಾಲು ಕೊಟ್ಟ ಕೆಲಸದ ಲೆಕ್ಕ. ಎರಡನೆಯದು ಆ ಕೆಲಸಕ್ಕೆ ಮೈ ತೆತ್ತ ಬೆಲೆಯ ಅಂದಾಜು. ಎರಡನ್ನೂ ವಾಟ್‌ನಲ್ಲೇ ಬರೆಯುವುದರಿಂದ ಗೊಂದಲ ಹುಟ್ಟುತ್ತದೆ.

ವಾಟ್ ಎಂದರೆಷ್ಟು

ಒಂದು ಸೆಕೆಂಡಿನಲ್ಲಿ ಒಂದು ಜೂಲ್ ಕೆಲಸ ನಡೆದರೆ ಒಂದು ವಾಟ್. ತೋಟದ ಪಂಪ್‌ಸೆಟ್ಟಿನ ಮೇಲೆ ಬರೆದಿರುವ ಒಂದು ಎಚ್.ಪಿ. ಎಂದರೆ ಸುಮಾರು 746 ವಾಟ್. ಚೆನ್ನಾಗಿ ಪಳಗಿದ ಹವ್ಯಾಸಿ ಸವಾರ ಒಂದು ಗಂಟೆ ಕಾಲ 240 ವಾಟ್ ಹಿಡಿದಿಟ್ಟನೆಂದರೆ ಅದು ದೊಡ್ಡ ಮಾತು. ಆದರೂ 5 ಎಚ್.ಪಿ. ಮೋಟರಿಗೆ ಸಾಟಿಯಾಗಬೇಕಾದರೆ ಅಂಥವರು ಹದಿನೈದು ಹದಿನಾರು ಮಂದಿ ಬೇಕು. ಮನುಷ್ಯ ಬಡಪಾಯಿ ಯಂತ್ರ.

ವೇಗವನ್ನು ಬಿಟ್ಟು ವಾಟ್ ಅಳೆಯುವುದು ಯಾಕೆಂದರೆ ವೇಗ ರಸ್ತೆಗೂ ಗಾಳಿಗೂ ತಕ್ಕಂತೆ ಬದಲಾಗುತ್ತದೆ. ಸವಾರ 68 ಕಿಲೊ, ಸೈಕಲ್ 12 ಕಿಲೊ, ಒಟ್ಟು 80 ಕಿಲೊ ಎನ್ನೋಣ. ಗಾಳಿಯಿಲ್ಲದ ಮಟ್ಟಸ ಡಾಂಬರು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಹೋಗಲು ಸುಮಾರು 100 ವಾಟ್ ಸಾಕು. ಅದೇ 30 ಕಿ.ಮೀ.ಗೆ ಏರಿಸಿದರೆ 165ರ ಹತ್ತಿರ ಬೇಕು. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ನೂರು ಮೀಟರಿಗೆ ಐದು ಮೀಟರ್ ಏರುವ ದಿಣ್ಣೆಯಲ್ಲಾದರೆ 150 ವಾಟ್ ಕೊಟ್ಟರೂ ಸೈಕಲ್ ತೆವಳುವುದು 12 ಕಿ.ಮೀ. ವೇಗದಲ್ಲಿ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋದವನ ಸರಾಸರಿ ವೇಗವನ್ನು ಉಳವಿ ದಾರಿಯಲ್ಲಿ ಹೋದವನ ವೇಗದ ಜೊತೆ ಹೋಲಿಸಿ ಜಾಣ ಯಾರು ಎಂದು ತೀರ್ಮಾನಿಸುವುದು ನ್ಯಾಯವಲ್ಲ.

ಪವರ್ ಮೀಟರ್ ಕೂರುವುದು ಪೆಡಲ್, ಕ್ರ್ಯಾಂಕ್ ಅಥವಾ ಹಿಂದಿನ ಚಕ್ರದ ಹಬ್ಬಿನೊಳಗೆ. ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸಣ್ಣ ತಂತಿಪಟ್ಟಿ, ಅಂದರೆ ಸ್ಟ್ರೇನ್ ಗೇಜ್, ಆ ಬಾಗನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ತಿರುಚುವ ಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ವಾಟ್. ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ 1986ರಲ್ಲಿ ಕಟ್ಟಿದ ಎಸ್‌ಆರ್‌ಎಂ ಕ್ರ್ಯಾಂಕ್ ಈ ಬಗೆಯ ಮೀಟರುಗಳಿಗೆ ದಾರಿ ಹಾಕಿತು. ಈಗ ಬೆಲೆ ಇಳಿದಿದೆ. ಆದರೂ ನಮ್ಮಲ್ಲಿ ಅದು ಹತ್ತಾರು ಸಾವಿರ ರೂಪಾಯಿಯ ಬಾಬತ್ತೇ.

ಸರಾಸರಿಯ ನಿಜ, ಸರಾಸರಿಯ ಮರೆವು

ಸರಾಸರಿ ಪವರ್ ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. ಪ್ರತಿ ಸೆಕೆಂಡಿನ ವಾಟನ್ನು ಕೂಡಿಸಿ ಒಟ್ಟು ಸೆಕೆಂಡುಗಳಿಂದ ಭಾಗಿಸಬೇಕು, ಅಷ್ಟೆ. ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಸಾಗಿದ ಸೆಕೆಂಡುಗಳೂ ಸೊನ್ನೆಯಾಗಿ ಅದರಲ್ಲಿ ಸೇರುತ್ತವೆ, ಸೇರಲೇಬೇಕು.

ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬ ಮನೆಯ ಜಗಲಿಯಲ್ಲಿ ಟ್ರೈನರ್ ಮೇಲೆ ಸೈಕಲ್ ಕಟ್ಟಿ ಒಂದು ಗಂಟೆ ಅಳ್ಳಾಡದೆ 150 ವಾಟ್ ತುಳಿಯುತ್ತಾನೆ. ಇನ್ನೊಬ್ಬ ಅದೇ ಒಂದು ಗಂಟೆ ದಿಣ್ಣೆಗಳ ದಾರಿ ಹಿಡಿಯುತ್ತಾನೆ: ಒಟ್ಟು ಅರ್ಧ ಗಂಟೆ ಏರು, ಅಲ್ಲಿ 250 ವಾಟ್, ಅರ್ಧ ಗಂಟೆ ಇಳಿಜಾರು, ಅಲ್ಲಿ 50 ವಾಟ್. ಇಬ್ಬರ ಸರಾಸರಿಯೂ 150. ಇಬ್ಬರೂ ಮಾಡಿದ ಕೆಲಸ 540 ಕಿಲೊಜೂಲ್. ಮೊದಲನೆಯವನು ಇಳಿದು, ಮುಖ ತೊಳೆದು ತಿಂಡಿಗೆ ಕೂರುತ್ತಾನೆ. ಎರಡನೆಯವನು ಬಂದವನೇ ಕಂಬಕ್ಕೆ ಒರಗಿ ಕೂತರೆ ಹತ್ತು ನಿಮಿಷ ಮಾತಿಲ್ಲ.

ಈ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಲ್ಲೂಕಿನ ಮಳೆ ವಾಡಿಕೆಯಷ್ಟೇ ಬಂದಿದೆ ಎಂದು ಪತ್ರಿಕೆಯಲ್ಲಿ ಬರುತ್ತದೆ. ನಾಟಿ ಹೊತ್ತಿಗೆ ಬಾರದೆ ಆಮೇಲೆ ಒಂದೇ ವಾರ ಸುರಿದು ಗದ್ದೆಯ ಹಾಳಿ ಒಡೆದ ವರ್ಷವೂ ಸರಾಸರಿ ಸರಿಯಾಗಿಯೇ ಇರುತ್ತದೆ.

ನಾಲ್ಕನೇ ಘಾತ

ಈ ಕೊರತೆ ತುಂಬಲು ಅಮೆರಿಕದ ವ್ಯಾಯಾಮ ಶರೀರವಿಜ್ಞಾನಿ ಆಂಡ್ರ್ಯೂ ಕಾಗನ್ ರೂಪಿಸಿದ್ದು ನಾರ್ಮಲೈಸ್ಡ್ ಪವರ್. ತರಬೇತುದಾರ ಹಂಟರ್ ಅಲೆನ್ ಜೊತೆ ಅವರು ಬರೆದು 2006ರಲ್ಲಿ ಹೊರಬಂದ ಪವರ್ ಮೀಟರ್ ತರಬೇತಿಯ ಪುಸ್ತಕದಿಂದ ಇದು ಹವ್ಯಾಸಿಗಳವರೆಗೂ ತಲುಪಿತು. ಆ ಹೆಸರು ಟ್ರೈನಿಂಗ್‌ಪೀಕ್ಸ್ ಕಂಪನಿಯ ಟ್ರೇಡ್‌ಮಾರ್ಕ್. ಸ್ಟ್ರಾವಾ ಆ್ಯಪ್ ತನ್ನ ಅಂಕಿಯನ್ನು ವೇಟೆಡ್ ಆವರೇಜ್ ಪವರ್ ಎನ್ನುತ್ತದೆ. ಫಿಲಿಪ್ ಸ್ಕಿಬಾ ಎಂಬ ವೈದ್ಯ-ವಿಜ್ಞಾನಿಯ ಎಕ್ಸ್‌ಪವರ್ ಇನ್ನೊಂದು ದಾಯಾದಿ. ಒಂದೇ ಸವಾರಿಗೆ ಇವು ಕೆಲವು ವಾಟ್ ಆಚೀಚೆ ತೋರಿಸಿದರೆ ಗಾಬರಿ ಬೇಡ. ಇಲ್ಲಿ ಎಲ್ಲಕ್ಕೂ ಸೇರಿಸಿ 'ತೂಕದ ವಾಟ್' ಎಂದು ಕರೆಯುತ್ತೇನೆ.

ಕಾಗನ್ ಅವರ ಲೆಕ್ಕವನ್ನು ಎಸ್ಸೆಸ್ಸೆಲ್ಸಿ ಗಣಿತದಲ್ಲೇ ಮಾಡಬಹುದು. ಮೊದಲು ಪ್ರತಿ ಕ್ಷಣಕ್ಕೂ ಅದರ ಹಿಂದಿನ 30 ಸೆಕೆಂಡುಗಳ ಸರಾಸರಿ ತೆಗೆಯಬೇಕು. ಬಂದ ಪ್ರತಿ ಅಂಕಿಯ ವರ್ಗ ಮಾಡಿ, ಆ ವರ್ಗದ ವರ್ಗ ಮಾಡಬೇಕು, ಅಂದರೆ ನಾಲ್ಕನೇ ಘಾತ. ಇವೆಲ್ಲದರ ಸರಾಸರಿ ತೆಗೆದು, ಎರಡು ಸಲ ವರ್ಗಮೂಲ ಕಂಡರೆ ಮತ್ತೆ ವಾಟ್‌ಗೆ ಬಂದಿರುತ್ತೇವೆ. ದಿಣ್ಣೆ ದಾರಿಯ ನಮ್ಮ ಸವಾರನಿಗೆ ಹೀಗೆ ಹಾಕಿ ನೋಡಿ. 250ರ ನಾಲ್ಕನೇ ಘಾತ ಸುಮಾರು 390 ಕೋಟಿ. 50ರದ್ದು ಬರೀ 62.5 ಲಕ್ಷ, ಲೆಕ್ಕಕ್ಕೇ ಇಲ್ಲದಷ್ಟು. ಎರಡರ ಸರಾಸರಿಯಿಂದ ವರ್ಗಮೂಲದ ವರ್ಗಮೂಲ ತೆಗೆದರೆ ಸುಮಾರು 210. ಜಗಲಿಯಲ್ಲಿ ತುಳಿದವನದ್ದು 150ಕ್ಕೆ 150 ಹಾಗೇ ಉಳಿಯುತ್ತದೆ. ಇಬ್ಬರ ದಣಿವಿನ ಅಂತರ ಈಗ ಅಂಕಿಯಲ್ಲಿ ಕಂಡಿತು.

ತೂಕ ಎನ್ನುವ ಮಾತೂ ಇಲ್ಲಿಂದಲೇ ಬಂದದ್ದು. ಎರಡು ಪಟ್ಟು ವಾಟ್ ತುಳಿದ ಕ್ಷಣಕ್ಕೆ ಈ ಲೆಕ್ಕದಲ್ಲಿ ಹದಿನಾರು ಪಟ್ಟು ಮಾನ್ಯತೆ.

ನಾಲ್ಕೇ ಯಾಕೆ, ಎರಡೋ ಮೂರೋ ಯಾಕಲ್ಲ? ಸವಾರನೊಬ್ಬ ಒಂದು ಗಂಟೆ ಹಿಡಿದಿಡಬಲ್ಲ ಪವರಿಗೆ ಹೋಲಿಸಿ ಎಷ್ಟು ಜೋರಾಗಿ ತುಳಿದರೆ ರಕ್ತದಲ್ಲಿ ಎಷ್ಟು ಲ್ಯಾಕ್ಟೇಟ್ ಸೇರುತ್ತದೆ ಎಂಬ ಅಳತೆಗಳನ್ನು ಕಾಗನ್ ಜೋಡಿಸಿದಾಗ ಬಂದ ಘಾತ 3.9ರ ಹತ್ತಿರವಿತ್ತು. ಅನುಕೂಲಕ್ಕೆ ಅದನ್ನು 4 ಮಾಡಿಕೊಂಡರು. ಆ ಒಂದು ಗಂಟೆಯ ಮಿತಿಯ ಕೆಳಗೆ ತುಳಿಯುವಾಗ ಹತ್ತು ವಾಟ್ ಹೆಚ್ಚಿಸಿದರೆ ಮೈಗೆ ಅಷ್ಟು ಗೊತ್ತಾಗುವುದಿಲ್ಲ. ಮಿತಿ ದಾಟಿದ ಮೇಲೆ ಅದೇ ಹತ್ತು ವಾಟಿಗೆ ಉಸಿರು ಕಟ್ಟುತ್ತದೆ, ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಬೇಗ ಕರಗುತ್ತದೆ. ಮುಂದಿನ ಇಳಿಜಾರಿನಲ್ಲಿ ಸುಮ್ಮನೆ ಕೂತ ಮಾತ್ರಕ್ಕೆ ಅದು ಮರಳಿ ತುಂಬಿಕೊಳ್ಳುವುದಿಲ್ಲ.

ಮೂವತ್ತು ಸೆಕೆಂಡಿನ ಜರಡಿ

ಘಾತಕ್ಕಿಂತ ಮೊದಲು 30 ಸೆಕೆಂಡಿನ ಸರಾಸರಿ ತೆಗೆಯುವ ಹೆಜ್ಜೆಯನ್ನು ಬಹಳ ಜನ ಹಾರಿಸಿ ಓದುತ್ತಾರೆ. ನನಗೆ ಈ ಸೂತ್ರದಲ್ಲಿ ಅತ್ಯಂತ ಜಾಣತನದ ಭಾಗ ಅದೇ ಎನಿಸುತ್ತದೆ. ಕಾಲು ಒತ್ತಿದ ಕ್ಷಣವೇ ಎದೆ ಬಡಿತ ಏರುವುದಿಲ್ಲ. ಉಸಿರಾಟಕ್ಕೂ ಸ್ನಾಯುವಿನೊಳಗಿನ ರಸಾಯನಕ್ಕೂ ಎಚ್ಚೆತ್ತುಕೊಳ್ಳಲು ಹತ್ತಾರು ಸೆಕೆಂಡು ಬೇಕು. ಗುಂಡಿ ತಪ್ಪಿಸಿ ಎರಡು ಸಲ ಜೋರಾಗಿ ತುಳಿದದ್ದು ದಣಿವಾಗಿ ದಾಖಲಾಗಬಾರದು.

ಒಂದು ಗಂಟೆಯಲ್ಲಿ ಅರ್ಧ ಹೊತ್ತು 300 ವಾಟ್, ಅರ್ಧ ಹೊತ್ತು ಸೊನ್ನೆ ಎಂದುಕೊಳ್ಳೋಣ. ಸರಾಸರಿ ಹೇಗಿದ್ದರೂ 150. ಅದನ್ನು 10 ಸೆಕೆಂಡು ತುಳಿ, 10 ಸೆಕೆಂಡು ಬಿಡು ಎಂದು ಹಂಚಿದರೆ ತೂಕದ ವಾಟ್ ಬರುವುದು 158ರ ಸುಮಾರಿಗೆ. ಅರ್ಧ ಗಂಟೆ ಒಂದೇ ಸಮನೆ 300 ತುಳಿದು ಉಳಿದರ್ಧ ಗಂಟೆ ಪೂರ್ತಿ ಬಿಟ್ಟರೆ 252! ಸಣ್ಣ ಸಣ್ಣ ಉಬ್ಬುಗಳ ರಸ್ತೆಯಲ್ಲಿ ಎರಡು ಅಂಕಿಗಳೂ ಹತ್ತಿರ ಇದ್ದು, ನಾಲ್ಕೈದು ನಿಮಿಷದ ದಿಣ್ಣೆಗಳು ಬಂದ ಕೂಡಲೇ ದೂರ ಸರಿಯುವುದು ಇದರಿಂದ.

ಎರಡೂ ಅಂಕಿ ಕೂಡುವ ಜಾಗಗಳು

ತೂಕದ ವಾಟನ್ನು ಸರಾಸರಿಯಿಂದ ಭಾಗಿಸಿದರೆ ಏರಿಳಿತದ ಸೂಚ್ಯಂಕ ಸಿಗುತ್ತದೆ. ಮೇಲಿನ ದಿಣ್ಣೆ ಸವಾರನದ್ದು 1.4. ಒಂಟಿಯಾಗಿ ಮಟ್ಟಸ ದಾರಿಯಲ್ಲಿ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್‌ನಲ್ಲಿ ಅದು 1.00ರಿಂದ 1.05ರ ಒಳಗಿರಬೇಕು. 2016ರ ಅಕ್ಟೋಬರ್‌ನಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್‌ನ ಟೈಮ್ ಟ್ರಯಲ್‌ನಲ್ಲಿ ಬೆಂಗಳೂರಿನ ನವೀನ್ ಜಾನ್ ಭಾರತದ ಪರವಾಗಿ ಸ್ಪರ್ಧಿಸಿದ್ದರು. ಅದು ಸುಮಾರು 40 ಕಿ.ಮೀ. ದೂರದ, ಏರೆನ್ನುವುದೇ ಇಲ್ಲದ ಮರಳುಗಾಡಿನ ದಾರಿ. ಅಂಥಲ್ಲಿ ತೂಕದ ವಾಟ್ ಸರಾಸರಿಗಿಂತ ಬಹಳ ಮೇಲೆ ಹೋಯಿತೆಂದರೆ ಸವಾರ ಹದ ತಪ್ಪಿ ತುಳಿದನೆಂದೇ ಅರ್ಥ. ಸೈಕ್ಲಿಂಗ್ ಕ್ರೀಡಾ ವಸತಿ ನಿಲಯಗಳಿರುವ ವಿಜಯಪುರ, ಬಾಗಲಕೋಟೆಗಳ ಬಯಲು ರಸ್ತೆಗಳೂ ಇಂಥ ಸಮನಾದ ತುಳಿತಕ್ಕೆ ಹೇಳಿ ಮಾಡಿಸಿದಂತಿವೆ.

ವಿಚಿತ್ರವೆಂದರೆ ಕಡಿದಾದ ಉದ್ದನೆಯ ಘಟ್ಟದಲ್ಲೂ ಎರಡು ಅಂಕಿಗಳು ಕೂಡುತ್ತವೆ. ನಮ್ಮದೇ ಜಿಲ್ಲೆಯ ಆಗುಂಬೆಗೆ ಸೋಮೇಶ್ವರದ ಕಡೆಯಿಂದ 14 ಹೇರ್‌ಪಿನ್ ತಿರುವುಗಳನ್ನು ಹತ್ತಿ ಬರುವವನು ಮಧ್ಯೆ ಪೆಡಲ್ ಬಿಡುವ ಹಾಗೇ ಇಲ್ಲ. ಬಿಟ್ಟರೆ ಸೈಕಲ್ ನಿಲ್ಲುತ್ತದೆ. ಆದ್ದರಿಂದ ಕಷ್ಟ ಹೆಚ್ಚಿದ್ದರೂ ಏರಿಳಿತ ಕಡಿಮೆ. ಅಂಕಿಗಳನ್ನು ದೂರ ಮಾಡುವುದು ಏರಲ್ಲ, ಏರು ಇಳಿತಗಳ ಸರದಿ. ಈ ಪರೀಕ್ಷೆಯಲ್ಲಿ ಆಗುಂಬೆಗಿಂತ ಸೊರಬವೇ ಘಾಟಿ.

ಗುಂಪಿನ ರೇಸು ಇನ್ನೊಂದು ತುದಿ. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಸರಣಿಯಲ್ಲಿರುವಂಥ ಸಣ್ಣ ಸುತ್ತಿನ ಕ್ರೈಟೀರಿಯಂ ರೇಸಿನಲ್ಲಿ ಸವಾರ ಮುಂದಿನವನ ಗಾಳಿಮರೆಯಲ್ಲಿ ಆರಾಮಾಗಿರುತ್ತಾನೆ, ತಿರುವು ದಾಟಿದೊಡನೆ ಮೈಮೇಲೆ ಬಂದವನಂತೆ ತುಳಿಯುತ್ತಾನೆ. ಸೂಚ್ಯಂಕ 1.2 ದಾಟುವುದು ಅಲ್ಲಿ ಮಾಮೂಲು. 13 ಗಂಟೆ 30 ನಿಮಿಷದೊಳಗೆ 200 ಕಿ.ಮೀ. ಮುಗಿಸಬೇಕಾದ ಬ್ರೆವೆ ಎಂಬ ದೂರಸವಾರಿಯವರಿಗೆ ಮಾತ್ರ ಈ ಸೂಚ್ಯಂಕ ಎಷ್ಟು ಕೆಳಗಿದ್ದರೆ ಅಷ್ಟು ಕ್ಷೇಮ. ಬೆಳಗಿನ ಹುರುಪಿನಲ್ಲಿ ಪ್ರತಿ ದಿಣ್ಣೆಯನ್ನೂ ಗೆಲ್ಲಲು ಹೋದವರು ಮಧ್ಯಾಹ್ನದ ಮೇಲೆ ಬಸ್‌ಸ್ಟ್ಯಾಂಡಿನ ಕಟ್ಟೆ ಹುಡುಕುತ್ತಾರೆ.

ಗೇರಿಲ್ಲದ ಸೈಕಲ್ಲು

ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಸೈಕಲ್ ಎಂದರೆ ಬಹಳ ಕಾಲ ಶಾಲೆಯ ಸೈಕಲ್ಲೇ. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾದಾಗ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ನೋಡಿಕೊಳ್ಳುತ್ತಿದ್ದವರು ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ. ಆ ಸೈಕಲ್ಲುಗಳಿಗೆ ಗೇರು ಇರಲಿಲ್ಲ.

ಗೇರು ಎಂದರೆ ವೇಗ ಹೆಚ್ಚಿಸುವ ಸಾಧನ ಎಂದು ನಾವು ತಿಳಿದಿದ್ದೇವೆ. ವಾಟ್ ಲೆಕ್ಕದಲ್ಲಿ ಅದರ ದೊಡ್ಡ ಉಪಕಾರ ನಿಧಾನ ಹೋಗಲು ಬಿಡುವುದು. 45 ಕಿಲೊ ತೂಕದ ಹುಡುಗಿ, 18 ಕಿಲೊ ಸೈಕಲ್, ನೂರಕ್ಕೆ ಆರು ಏರುವ ದಿಣ್ಣೆ. ಒಂದು ಸುತ್ತು ತುಳಿದರೆ ಸುಮಾರು 5 ಮೀಟರ್ ಹೋಗುವ ಸೈಕಲ್ಲನ್ನು ತೀರಾ ನಿಧಾನ ತುಳಿಯಲು ಆಗುವುದಿಲ್ಲ, ಪೆಡಲ್ ಮೇಲಿನ ಸ್ಥಾನದಲ್ಲೇ ಸಿಕ್ಕಿ ನಿಂತುಬಿಡುತ್ತದೆ. 12 ಕಿ.ಮೀ. ವೇಗ ಕಾಯ್ದುಕೊಳ್ಳಲು ಆಕೆ 140 ವಾಟಿನಷ್ಟು ಕೊಡಬೇಕು. ಅವಳ ತೂಕಕ್ಕೆ ಅದು ಪಳಗಿದ ಕ್ರೀಡಾಪಟುವಿನ ಮಟ್ಟ. ಗೇರಿದ್ದರೆ 6 ಕಿ.ಮೀ. ವೇಗದಲ್ಲಿ ಅದರ ಅರ್ಧ ಪವರಿನಲ್ಲಿ ಮಾತಾಡಿಕೊಂಡೇ ಹತ್ತಬಹುದಿತ್ತು. ಗೇರಿಲ್ಲದ ಸೈಕಲ್ ಸವಾರನನ್ನು ಒಂದೋ ಮಿತಿ ಮೀರಿ ತುಳಿಯುವಂತೆ ಮಾಡುತ್ತದೆ, ಇಲ್ಲವೇ ಕೆಳಗಿಳಿಸಿ ತಳ್ಳಿಸುತ್ತದೆ. ತಳ್ಳುವಾಗ ಪೆಡಲಿನೊಳಗಿನ ಮೀಟರ್ ತೋರಿಸುವುದು ಸೊನ್ನೆ. ಏದುಸಿರು ಬಿಡುತ್ತಿರುವವಳಿಗೆ ಹಾಗೆಂದು ಹೇಳಿ ನೋಡಿ.

ಊಟಕ್ಕೊಂದು ಅಂಕಿ, ವಿಶ್ರಾಂತಿಗೊಂದು

ಎಷ್ಟು ತಿನ್ನಬೇಕು ಎಂಬ ಪ್ರಶ್ನೆಗೆ ಉತ್ತರ ಸರಾಸರಿ ವಾಟ್‌ನಲ್ಲಿದೆ. ಸರಾಸರಿಯನ್ನು ಸೆಕೆಂಡುಗಳಿಂದ ಗುಣಿಸಿದರೆ ಒಟ್ಟು ಕೆಲಸ ಸಿಗುತ್ತದೆ. ಸೈಕಲ್ ತುಳಿಯುವಾಗ ಮೈ ಸುಡುವ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಮಾತ್ರ. ಒಂದು ಕಿಲೊಕ್ಯಾಲರಿ ಎಂದರೆ 4.18 ಕಿಲೊಜೂಲ್. ಇವೆರಡು ಹೆಚ್ಚುಕಡಿಮೆ ಪರಸ್ಪರ ವಜಾ ಆಗುವುದರಿಂದ ಮೀಟರಿನ 540 ಕಿಲೊಜೂಲನ್ನು ಸುಮಾರು 540 ಕಿಲೊಕ್ಯಾಲರಿ ಖರ್ಚು ಎಂದೇ ಓದಿಕೊಳ್ಳಬಹುದು. ಇಲ್ಲಿ ತೂಕದ 210 ವಾಟ್ ಹಾಕಿದರೆ 756 ಬರುತ್ತದೆ. ಸುಡದ ಇನ್ನೂರಕ್ಕೂ ಹೆಚ್ಚು ಕ್ಯಾಲರಿಯ ರೊಟ್ಟಿ ತಿಂದಂತಾಯಿತು.

ನಾಳೆ ಮತ್ತೆ ಜೋರಾಗಿ ತುಳಿಯಬಹುದೇ ಎಂಬುದಕ್ಕೆ ಉತ್ತರ ತೂಕದ ವಾಟ್‌ನಲ್ಲಿದೆ. ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಪವರಿಗೆ ಸವಾರರ ಭಾಷೆಯಲ್ಲಿ ಎಫ್‌ಟಿಪಿ ಎನ್ನುತ್ತಾರೆ. 20 ನಿಮಿಷ ಜೀವ ಬಿಟ್ಟು ತುಳಿದ ಸರಾಸರಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಹಿಡಿಯುವುದು ರೂಢಿ. ಎಫ್‌ಟಿಪಿಯಲ್ಲಿ ಒಂದು ಗಂಟೆ ತುಳಿದರೆ ಮೈಗೆ ಬಿದ್ದ ಹೊರೆ 100 ಅಂಕ; ವಾಟ್ ಅದಕ್ಕಿಂತ ಕಡಿಮೆಯಾದರೆ ಹೊರೆ ಆ ಅನುಪಾತದ ವರ್ಗದಂತೆ ಇಳಿಯುತ್ತದೆ. ನಮ್ಮ ದಿಣ್ಣೆ ಸವಾರನ ಎಫ್‌ಟಿಪಿ 220 ಆಗಿದ್ದರೆ, 210 ತೂಕದ ವಾಟಿನ ಆ ಒಂದು ಗಂಟೆಗೆ ಹೊರೆ 91. ಸರಾಸರಿ 150 ಹಾಕಿದ್ದರೆ 46 ಎಂದು ಬರುತ್ತಿತ್ತು. ಅರ್ಧದಷ್ಟು ಹೊರೆಯೆಂದು ನಂಬಿ ಮರುದಿನ ಬೆಳಿಗ್ಗೆ ಮತ್ತೆ ಹೊರಟವನ ಕಾಲು ಮೊದಲ ದಿಣ್ಣೆಯಲ್ಲೇ ಲೆಕ್ಕ ಒಪ್ಪಿಸುತ್ತದೆ.

ದಾರಿಯಲ್ಲಿ ನಿಂತ ಹೊತ್ತು ಎರಡನ್ನೂ ಕೆಡಿಸುತ್ತದೆ, ಆದರೆ ಸಮನಾಗಿ ಅಲ್ಲ. ಎರಡು ಗಂಟೆ ತುಳಿದು ಅರ್ಧ ಗಂಟೆ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದಲ್ಲಿ ಕಳೆದಿರಿ, ಗಡಿಯಾರ ನಿಲ್ಲಿಸಲು ಮರೆತಿರಿ. 150ರ ಸರಾಸರಿ 120ಕ್ಕೆ ಬೀಳುತ್ತದೆ. 185ರ ತೂಕದ ವಾಟ್ 175ಕ್ಕೆ ಇಳಿದು ಸುಮ್ಮನಾಗುತ್ತದೆ.

ತೂಕದ ವಾಟ್ ಹೇಳದ ಮಾತು

ಇಷ್ಟು ಹೇಳಿದ ಮೇಲೆ ತೂಕದ ವಾಟೇ ನಿಜವಾದ ಸಾಧನೆ ಎಂದು ತಿಳಿಯುವ ಅಪಾಯವಿದೆ. ಮೊಬೈಲಿನಲ್ಲಿ ದೊಡ್ಡ ಅಂಕಿ ಯಾವುದೋ ಅದನ್ನೇ ನಾಲ್ಕು ಜನಕ್ಕೆ ತೋರಿಸುವುದು ಮನುಷ್ಯ ಸ್ವಭಾವ. ಆದರೆ ಚಕ್ರ ತಿರುಗಿಸುವುದು ಸರಾಸರಿ ವಾಟ್. ಇಬ್ಬರು ಒಂದೇ ದಾರಿಯನ್ನು ಒಂದೇ ಸಮಯದಲ್ಲಿ, ಒಂದೇ ಸರಾಸರಿಯಲ್ಲಿ ಮುಗಿಸಿ, ಒಬ್ಬನ ತೂಕದ ವಾಟ್ ಹೆಚ್ಚಿದ್ದರೆ ಅವನು ಅದೇ ಸಾಮಾನಿಗೆ ಹೆಚ್ಚು ದುಡ್ಡು ಕೊಟ್ಟು ಬಂದಿದ್ದಾನೆ, ಅಷ್ಟೇ. ಕಾರಣವಿಲ್ಲದೆ ಮಧ್ಯೆ ಮಧ್ಯೆ ಒಂದೆರಡು ನಿಮಿಷ ಜೋರಾಗಿ ತುಳಿದು ಯಾರು ಬೇಕಾದರೂ ಈ ಅಂಕಿ ಉಬ್ಬಿಸಬಹುದು. ಹಾಗೆಂದು ಏರಿನಲ್ಲಿ ಸ್ವಲ್ಪ ಹೆಚ್ಚು, ಇಳಿಜಾರಿನಲ್ಲಿ ಸ್ವಲ್ಪ ಕಡಿಮೆ ತುಳಿಯುವುದು ತಪ್ಪಲ್ಲ. ಇಳಿಜಾರಿನ ವೇಗದಲ್ಲಿ ಹೆಚ್ಚುವರಿ ವಾಟನ್ನೆಲ್ಲ ಗಾಳಿ ನುಂಗುತ್ತದೆ, ಏರಿನಲ್ಲಿ ಅದೇ ವಾಟ್ ಹೆಚ್ಚು ಸಮಯ ಉಳಿಸುತ್ತದೆ. ಸ್ವಲ್ಪ ಎಂಬುದು ಎಷ್ಟು ಎನ್ನುವುದೇ ಕಸುಬು.

ಸೂತ್ರಕ್ಕೂ ಮಿತಿಗಳಿವೆ. ಇಪ್ಪತ್ತು ನಿಮಿಷಕ್ಕಿಂತ ಚಿಕ್ಕ ಸವಾರಿಯಲ್ಲಿ ಅದನ್ನು ನಂಬಬಾರದು. ಮೊದಲ ದಿಣ್ಣೆ, ಕೊನೆಯ ದಿಣ್ಣೆ ಎಂಬ ಭೇದ ಅದಕ್ಕಿಲ್ಲ; ಎರಡು ತಾಸು ತುಳಿದ ಮೇಲಿನ 250 ವಾಟ್ ಬೆಳಗಿನ ಮೊದಲ 250ರ ಹಾಗಲ್ಲ ಎಂದು ಕಾಲಿಗೆ ಗೊತ್ತು, ಸೂತ್ರಕ್ಕೆ ಗೊತ್ತಿಲ್ಲ. ಏಪ್ರಿಲ್ ಬಿಸಿಲು, ನಿದ್ದೆಗೆಟ್ಟ ರಾತ್ರಿ, ಇವೂ ಅದರ ಕಣ್ಣಿಗೆ ಬೀಳವು. ಮೀಟರ್ ತಪ್ಪಿದರಂತೂ ನಾಲ್ಕನೇ ಘಾತ ಆ ತಪ್ಪನ್ನು ಊದಿಸುತ್ತದೆ. ಒಂದು ಗಂಟೆ ಸಮನಾಗಿ 150 ತುಳಿಯುವಾಗ ಮೂರೇ ಸೆಕೆಂಡು ಮೀಟರ್ 2000 ಎಂದು ಸುಳ್ಳು ಬರೆದರೆ ಸರಾಸರಿ ಏರುವುದು ಒಂದೂವರೆ ವಾಟ್, ತೂಕದ ವಾಟ್ ಏರುವುದು ಸುಮಾರು ಏಳು. ಮೀಟರೇ ಇಲ್ಲದೆ ಜಿಪಿಎಸ್ ವೇಗದಿಂದಲೂ ನಕ್ಷೆಯ ಎತ್ತರದಿಂದಲೂ ಊಹಿಸಿದ ವಾಟ್‌ಗೆ ಈ ಸೂತ್ರ ಹಾಕುವುದು ಅದಕ್ಕೇ ವ್ಯರ್ಥ.

ಮೀಟರ್ ಇಲ್ಲದವರ ದಾರಿ

ಮೀಟರಿಗೆ ಹಣ ಹಾಕದವರಿಗೆ ಘಟ್ಟ ಮತ್ತು ಗಡಿಯಾರ ಸಾಕು. ಉದ್ದನೆಯ ಒಂದೇ ಸಮನೆಯ ಏರಿನಲ್ಲಿ ಎರಡು ಅಂಕಿಗಳೂ ಒಂದೇ ಆಗುತ್ತವೆ ಎಂಬ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೈಕಲ್ ಸೇರಿ 80 ಕಿಲೊ ಇರುವವನು 400 ಮೀಟರ್ ಎತ್ತರವನ್ನು 40 ನಿಮಿಷದಲ್ಲಿ ಹತ್ತಿದನೆಂದರೆ 80ನ್ನು 9.81ರಿಂದಲೂ 400ರಿಂದಲೂ ಗುಣಿಸಿ 2400 ಸೆಕೆಂಡುಗಳಿಂದ ಭಾಗಿಸಬೇಕು. ಬರುವುದು 131 ವಾಟ್. ರಸ್ತೆಯ ತಿಕ್ಕಾಟ, ಗಾಳಿಯ ತಡೆ ಸೇರಿಸಿದರೆ 150ರ ಹತ್ತಿರ. ಏರಿನಲ್ಲಿ ವೇಗ ಕಡಿಮೆಯಾದ್ದರಿಂದ ಗಾಳಿ ಹೆಚ್ಚು ಕೆಡಿಸುವುದಿಲ್ಲ.

ಸೊರಬದ ಸುತ್ತ ಅಷ್ಟು ಉದ್ದದ ಏರು ಇಲ್ಲದಿದ್ದರೆ ಮನೆಯ ಹತ್ತಿರದ ಯಾವುದಾದರೂ ನಾಲ್ಕೈದು ನಿಮಿಷದ ದಿಣ್ಣೆ ಆರಿಸಿಕೊಳ್ಳಿ. ಕೆಳಗೊಂದು ಮೈಲಿಗಲ್ಲು, ಮೇಲೊಂದು ಮರ ಗುರುತಿಟ್ಟುಕೊಳ್ಳಿ. ಮಳೆಗಾಲ ಮುಗಿದು ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚಿನ ಗಾಳಿಯಿಲ್ಲದ ಬೆಳಗುಗಳಲ್ಲಿ, ವಾರಕ್ಕೊಮ್ಮೆ, ಅದೇ ಸೈಕಲ್ಲಿನಲ್ಲಿ, ಅಷ್ಟೇ ಗಾಳಿ ತುಂಬಿದ ಟೈರಿನಲ್ಲಿ ಹತ್ತಿ, ಹಿಡಿದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ.